ಹುಲಿಯ ಮುಂದೆ ನರಿ, ಅರಸನ ಮುಂದೆ ಮಾತುಗಾರ

ಕ್ರಿ.ಪೂ. ನಾಲ್ಕನೆಯ ಶತಮಾನ. ಯಾಂಗ್ತ್ಸೆ ನದಿಯ ನಡುಹರಿವಿನ ಸುತ್ತ ಹಬ್ಬಿದ್ದ ಚೂ ರಾಜ್ಯದ ಅರಸ ಶುವಾನ್ ತುಂಬಿದ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿದ: ‘ಉತ್ತರದ ರಾಜ್ಯಗಳೆಲ್ಲ ನಮ್ಮ ಝಾವೊ ಶೀಶುವಿಗೆ ಹೆದರುತ್ತವಂತೆ, ನಿಜವೇ?’ ಈ ಶೀಶು ಆ ರಾಜ್ಯದ ಸೇನೆಯ ಮೇಲೆ ಹಿಡಿತವಿದ್ದ ದೊಡ್ಡ ಅಧಿಕಾರಿ. ಹೌದೆಂದರೆ ಅರಸನಿಗೆ ಅವಮಾನ, ಇಲ್ಲವೆಂದರೆ ಶೀಶುವಿನ ಹಗೆ. ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಆಗ ಜಿಯಾಂಗ್ ಯಿ ಎಂಬಾತ ಎದ್ದು ಉತ್ತರ ಕೊಡುವ ಬದಲು ಒಂದು ಕಥೆ ಹೇಳಿದ.

ಹುಲಿಯೊಂದು ನರಿಯನ್ನು ಹಿಡಿಯಿತು. ನರಿ ಹೇಳಿತು: ‘ನನ್ನನ್ನು ತಿನ್ನುವ ಧೈರ್ಯ ಮಾಡಬೇಡ. ಪ್ರಾಣಿಗಳಿಗೆಲ್ಲ ನಾನೇ ಒಡೆಯನೆಂದು ದೇವಲೋಕದ ಅಪ್ಪಣೆಯಾಗಿದೆ. ನಂಬಿಕೆ ಬಾರದಿದ್ದರೆ ನನ್ನ ಹಿಂದೆಯೇ ಬಾ. ನನ್ನನ್ನು ಕಂಡು ಓಡದೆ ನಿಲ್ಲುವ ಪ್ರಾಣಿ ಒಂದಾದರೂ ಇದ್ದೀತೇ ನೋಡು.’ ಹುಲಿ ಒಪ್ಪಿ ಹಿಂದೆ ನಡೆಯಿತು. ಕಾಡಿನ ಪ್ರಾಣಿಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಓಡಿದವು. ಅವು ಹೆದರಿದ್ದು ತನಗೇ ಎಂಬುದು ಹುಲಿಗೆ ಹೊಳೆಯಲಿಲ್ಲ. ಕಥೆ ಮುಗಿಸಿ ಜಿಯಾಂಗ್ ಯಿ ಹೇಳಿದ: ‘ಪ್ರಭು, ತಮ್ಮ ನೆಲ ಐದು ಸಾವಿರ ಲೀ ಉದ್ದಗಲ, ತಮ್ಮ ಸೈನಿಕರು ಹತ್ತು ಲಕ್ಷ. ಅದನ್ನೆಲ್ಲ ಶೀಶುವಿನ ಕೈಗಿಟ್ಟಿದ್ದೀರಿ. ಉತ್ತರದವರು ಹೆದರುವುದು ತಮ್ಮ ಸೇನೆಗೆ.’

ದೊಡ್ಡವರ ಹೆಸರು ಹೇಳಿಕೊಂಡು ಕೆಳಗಿನವರ ಮೇಲೆ ದರ್ಪ ತೋರುವವನನ್ನು ಕಂಡಾಗ ಚೀನೀಯರು ಇಂದಿಗೂ ಈ ಕಥೆಯನ್ನು ನಾಲ್ಕೇ ಅಕ್ಷರಗಳಲ್ಲಿ ಮುಗಿಸುತ್ತಾರೆ: ‘ಹೂ ಜಿಯಾ ಹೂ ವೇಯ್’. ನರಿ, ಎರವಲು, ಹುಲಿ, ಗತ್ತು. ಇಂಥ ನುಡಿಗಟ್ಟುಗಳಿಗೆ ಚೆಂಗ್‌ಯು ಎಂದು ಹೆಸರು. ಬಹುಪಾಲು ನಾಲ್ಕು ಅಕ್ಷರದವು, ಸಂಖ್ಯೆಯಲ್ಲಿ ಸಾವಿರಾರು. ಶಾಲೆಯ ಮಕ್ಕಳು ಕಲಿಯುತ್ತಾರೆ, ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಬರುತ್ತವೆ, ಜಗಳದಲ್ಲೂ ಪ್ರೇಮಪತ್ರದಲ್ಲೂ ಕೆಲಸಕ್ಕೆ ಬರುತ್ತವೆ.

ಆದರೆ ಜಿಯಾಂಗ್ ಯಿ ಯಾರು? ಚೂ ರಾಜ್ಯಕ್ಕೆ ಬರುವ ಮುಂಚೆ ಅವನು ವೇಯ್ ರಾಜ್ಯದಲ್ಲಿದ್ದವನು. ಶೀಶುವನ್ನು ಕೆಡವಲು ಹೊಂಚು ಹಾಕುತ್ತಿದ್ದವನು. ಅದೇ ಅರಸನಿಗೆ ಅವನು ಹೇಳಿದ ಇನ್ನೊಂದು ಕಥೆಯೂ ಉಳಿದಿದೆ. ಒಬ್ಬನಿಗೆ ತನ್ನ ಕಾವಲು ನಾಯಿಯ ಮೇಲೆ ಬಲು ಪ್ರೀತಿ. ಆ ನಾಯಿ ಬಾವಿಗೆ ಉಚ್ಚೆ ಹೊಯ್ಯುವುದನ್ನು ನೆರೆಯವನು ಕಂಡ. ಯಜಮಾನನಿಗೆ ಹೇಳೋಣವೆಂದು ಬಂದರೆ ನಾಯಿ ಬಾಗಿಲಿಗೆ ಅಡ್ಡ ನಿಂತು ಕಚ್ಚಲು ಬಂತು. ನೆರೆಯವನು ಹೆದರಿ ಹಿಂದಿರುಗಿದ. ಶೀಶು ವೇಯ್ ರಾಜ್ಯದಿಂದ ಲಂಚ ತಿಂದದ್ದು ತನಗೆ ಗೊತ್ತು, ಅದಕ್ಕೇ ತಾನು ಅರಸನನ್ನು ಕಾಣುವುದು ಅವನಿಗೆ ಸೇರದು ಎಂಬುದು ಜಿಯಾಂಗ್ ಯಿಯ ಸೂಚನೆ. ನರಿಯ ಕಥೆ ನಾಲ್ಕು ಅಕ್ಷರವಾಗಿ ಎರಡು ಸಾವಿರ ವರ್ಷಕ್ಕೂ ಹೆಚ್ಚು ಬಾಳಿತು. ನಾಯಿಯ ಕಥೆಗೆ ಆ ಅದೃಷ್ಟ ಬರಲಿಲ್ಲ. ಎರಡನ್ನೂ ಜೊತೆಗಿಟ್ಟು ಓದಿದರೆ ಕಥೆ ಹೇಳುವವನ ಕಣ್ಣು ಎಲ್ಲಿ ನೆಟ್ಟಿತ್ತೆಂದು ಕಾಣುತ್ತದೆ. ಅರಸನ ಬಲವನ್ನು ಅರಸನಿಗೇ ನೆನಪಿಸಿ, ಆ ಬಲದಿಂದ ತನ್ನ ಎದುರಾಳಿಯನ್ನು ಹೊಡೆಯಲು ಹೊರಟವನು ಜಿಯಾಂಗ್ ಯಿ. ಅವನ ಕಥೆಯ ನರಿಗೂ ಅವನಿಗೂ ಬಹಳ ದೂರವಿರಲಿಲ್ಲ.

ಚೀನಾದ ಪ್ರಾಣಿ ನುಡಿಗಟ್ಟುಗಳನ್ನು ಮಕ್ಕಳ ನೀತಿಕಥೆಗಳಂತೆ ಬಣ್ಣದ ಚಿತ್ರಗಳ ಜೊತೆ ಅಚ್ಚು ಹಾಕುವುದು ರೂಢಿ. ಹಾಗೆ ಓದಿದರೆ ಅವುಗಳ ಅರ್ಧ ಜೀವ ಹೋಗುತ್ತದೆ ಎಂಬುದು ನನ್ನ ಬಲವಾದ ಅನಿಸಿಕೆ. ಅವುಗಳಲ್ಲಿ ಅತಿ ಹಳೆಯವು, ಅತಿ ಚೂಪಾದವು, ಒಬ್ಬ ಮನುಷ್ಯ ಇನ್ನೊಬ್ಬನ ಎದುರು ನಿಂತು ಆಡಿದ ಮಾತುಗಳು. ಎದುರಿಗಿದ್ದವನು ಅರಸ, ಇಲ್ಲವೇ ಸೇನಾಪತಿ. ಮಾತು ತಪ್ಪಿದರೆ ತಲೆ ಹೋಗಬಹುದಿತ್ತು. ನಾಲ್ಕು ಅಕ್ಷರಗಳು ಪ್ರಾಣಿಯನ್ನು ಉಳಿಸಿಕೊಂಡವು, ಕೇಳಿಸಿಕೊಂಡವನನ್ನು ಬಿಟ್ಟುಕೊಟ್ಟವು.

ಆ ಕಾಲವೇ ಹಾಗಿತ್ತು. ಕ್ರಿ.ಪೂ. ಐದನೆಯ ಶತಮಾನದಿಂದ ಕ್ರಿ.ಪೂ. 221ರವರೆಗೆ ಏಳು ದೊಡ್ಡ ರಾಜ್ಯಗಳು ಒಂದನ್ನೊಂದು ನುಂಗಲು ಕಾದಾಡಿದವು. ಒಂದು ಆಸ್ಥಾನದಿಂದ ಇನ್ನೊಂದು ಆಸ್ಥಾನಕ್ಕೆ ತಿರುಗುತ್ತ, ಸಂಧಿ ಮಾಡಿಸುತ್ತ, ಸಂಧಿ ಮುರಿಸುತ್ತ ಬದುಕಿದ ಮಾತುಗಾರರ ವರ್ಗವೇ ಹುಟ್ಟಿತು. ಅವರ ಮಾತುಗಳನ್ನು ಹಾನ್ ವಂಶದ ಪಂಡಿತ ಲಿಯು ಶಿಯಾಂಗ್ ಕ್ರಿ.ಪೂ. ಮೊದಲನೆಯ ಶತಮಾನದಲ್ಲಿ 33 ಭಾಗಗಳಾಗಿ ಜೋಡಿಸಿದ. ಅದೇ ‘ಝಾನ್‌ಗುವೊ ತ್ಸೆ’, ಕಾದಾಡುವ ರಾಜ್ಯಗಳ ತಂತ್ರಗಳ ಪುಸ್ತಕ. ಕನ್ನಡದ ಓದುಗರಿಗೆ ಇದರ ವಾತಾವರಣ ತೀರ ಹೊಸದೇನಲ್ಲ. ನಮ್ಮ ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದಾಗ ಅವನು ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ. ಯುದ್ಧ, ಸಂಧಿಗಳ ವ್ಯವಹಾರ ನೋಡುವ ಅಧಿಕಾರಿಗೆ ನರಿ ಸಿಂಹಗಳ ಕಥೆ ಬೇಕಾಗಿತ್ತು. ಆದರೆ ಪಂಚತಂತ್ರದ ಪ್ರಾಣಿಗಳಿಗೆ ಹೆಸರಿದೆ, ವಂಶವಿದೆ, ಕಥೆಯೊಳಗೆ ಕಥೆ ಹೆಣೆಯಲು ಬೇಕಾದಷ್ಟು ಹೊತ್ತಿದೆ. ಚೀನಾದ ಆಸ್ಥಾನದಲ್ಲಿ ಅಷ್ಟು ವ್ಯವಧಾನವಿರಲಿಲ್ಲ. ಐದಾರು ಸಾಲಿನಲ್ಲಿ ಕಥೆ ಮುಗಿದು, ದಂಡು ಹಿಂದಕ್ಕೆ ತಿರುಗಬೇಕಿತ್ತು.

ಒಮ್ಮೆ ಹಾಗೆ ತಿರುಗಿದ್ದೂ ಉಂಟು. ಚೂ ರಾಜ್ಯದ ಸೇನಾಪತಿ ಝಾವೊ ಯಾಂಗ್ ವೇಯ್ ರಾಜ್ಯವನ್ನು ಸೋಲಿಸಿ, ಎಂಟು ಪಟ್ಟಣಗಳನ್ನು ಹಿಡಿದು, ಅದೇ ಹುರುಪಿನಲ್ಲಿ ಚೀ ರಾಜ್ಯದತ್ತ ದಂಡು ತಿರುಗಿಸಿದ. ಚೀ ಅರಸನ ಪರವಾಗಿ ಚೆನ್ ಝೆನ್ ಬಂದು ಮೊದಲು ಗೆಲುವಿಗೆ ಶುಭ ಕೋರಿದ. ಆಮೇಲೆ ಕೇಳಿದ: ಇಂಥ ಗೆಲುವಿಗೆ ನಿಮ್ಮಲ್ಲಿ ಯಾವ ಪದವಿ ಕೊಡುತ್ತಾರೆ? ಸೇನಾಪತಿ ಅದರ ಹೆಸರು ಹೇಳಿದ. ಅದಕ್ಕೂ ಮೇಲಿನದು ಯಾವುದು? ಪ್ರಧಾನಮಂತ್ರಿಯ ಪದವಿ ಒಂದೇ. ಅರಸ ಇಬ್ಬರು ಪ್ರಧಾನಮಂತ್ರಿಗಳನ್ನು ಇಟ್ಟುಕೊಳ್ಳುವುದಿಲ್ಲವಲ್ಲ ಎಂದು ಹೇಳಿ ಚೆನ್ ಝೆನ್ ಕಥೆ ತೆಗೆದ. ಪೂಜೆ ಮುಗಿಸಿದ ಯಜಮಾನ ಆಳುಗಳಿಗೆ ಒಂದು ಪಾತ್ರೆ ಮದ್ಯ ಕೊಟ್ಟ. ಎಲ್ಲರಿಗೂ ಸಾಲದು, ಒಬ್ಬನಿಗೆ ಧಾರಾಳ. ನೆಲದ ಮೇಲೆ ಯಾರು ಮೊದಲು ಹಾವು ಬರೆಯುತ್ತಾರೋ ಅವರಿಗೇ ಮದ್ಯ ಎಂದು ಮಾತಾಯಿತು. ಮೊದಲು ಮುಗಿಸಿದವನು ಎಡಗೈಯಲ್ಲಿ ಪಾತ್ರೆ ಹಿಡಿದು, ‘ಇದಕ್ಕೆ ಕಾಲೂ ಬರೆಯಬಲ್ಲೆ’ ಎಂದು ಬಲಗೈಯಲ್ಲಿ ಬರೆಯತೊಡಗಿದ. ಅಷ್ಟರಲ್ಲಿ ಇನ್ನೊಬ್ಬ ತನ್ನ ಹಾವನ್ನು ಮುಗಿಸಿ, ‘ಹಾವಿಗೆಲ್ಲಿಯ ಕಾಲು’ ಎಂದು ಪಾತ್ರೆ ಕಿತ್ತುಕೊಂಡು ಕುಡಿದುಬಿಟ್ಟ.

‘ಹಾವು ಬರೆದು ಕಾಲು ಸೇರಿಸು’ ಎಂಬ ಮಾತನ್ನು ಇಂದು ಬೇಡದ್ದನ್ನು ಸೇರಿಸಿ ಕೆಲಸ ಕೆಡಿಸಿದವರಿಗೆ ಅನ್ನುತ್ತಾರೆ. ಉದ್ದ ಭಾಷಣದ ಕೊನೆಯ ಹತ್ತು ನಿಮಿಷಕ್ಕೂ ಅನ್ವಯಿಸುತ್ತದೆ. ಸೇನಾಪತಿಯ ಡೇರೆಯಲ್ಲಿ ಅದಕ್ಕಿದ್ದ ಅರ್ಥವೇ ಬೇರೆ, ಇನ್ನೂ ಕಠೋರ. ನೀನು ಗಳಿಸಬಹುದಾದದ್ದೆಲ್ಲ ಈಗಾಗಲೇ ನಿನ್ನ ಎಡಗೈಯಲ್ಲಿದೆ. ಇನ್ನೊಂದು ಯುದ್ಧಕ್ಕೆ ಹೋದರೆ ನೀನು ಸಾಯುತ್ತೀಯೆ, ಪದವಿ ನಿನ್ನ ಹಿಂದಿನವನಿಗೆ ಹೋಗುತ್ತದೆ. ಝಾವೊ ಯಾಂಗ್ ದಂಡು ಹಿಂತೆಗೆದ.

ಉದ್ದ ಕೊಕ್ಕಿನ ನೀರುಹಕ್ಕಿ ಮತ್ತು ಕಪ್ಪೆಚಿಪ್ಪಿನ ಕಥೆಯೂ ಇಂಥದ್ದೇ. ಝಾವೊ ರಾಜ್ಯ ಯಾನ್ ರಾಜ್ಯದ ಮೇಲೆ ದಂಡೆತ್ತಿ ಹೊರಟಾಗ ಸೂ ದಾಯ್ ಎಂಬಾತ ಝಾವೊ ಅರಸನ ಬಳಿಗೆ ಬಂದು, ದಾರಿಯಲ್ಲಿ ಯಿ ನದಿಯ ದಂಡೆಯಲ್ಲಿ ಕಂಡದ್ದೆಂದು ಹೇಳಿದ. ಬಾಯಿ ತೆರೆದು ಬಿಸಿಲು ಕಾಯಿಸುತ್ತಿದ್ದ ಚಿಪ್ಪಿನ ಮಾಂಸಕ್ಕೆ ಹಕ್ಕಿ ಕೊಕ್ಕು ಹಾಕಿತು. ಚಿಪ್ಪು ಮುಚ್ಚಿಕೊಂಡು ಕೊಕ್ಕನ್ನೇ ಹಿಡಿಯಿತು. ಇವತ್ತೂ ನಾಳೆಯೂ ಮಳೆ ಬಾರದಿದ್ದರೆ ನೀನು ಸತ್ತ ಚಿಪ್ಪು ಎಂದು ಹಕ್ಕಿ, ಇವತ್ತೂ ನಾಳೆಯೂ ಬಿಡದಿದ್ದರೆ ನೀನು ಸತ್ತ ಹಕ್ಕಿ ಎಂದು ಚಿಪ್ಪು. ಬೆಸ್ತ ಬಂದು ಎರಡನ್ನೂ ಹಿಡಿದ. ಬಲಾಢ್ಯ ಚಿನ್ ರಾಜ್ಯವೇ ಆ ಬೆಸ್ತನಾದೀತು ಎಂದ ಸೂ ದಾಯ್. ಅರಸ ದಂಡಯಾತ್ರೆ ಬಿಟ್ಟ. ಆದರೂ ಬೆಸ್ತ ಬಂದೇ ಬಂದ. ಝಾವೊ ರಾಜಧಾನಿ ಹಾನ್‌ದಾನ್ ಕ್ರಿ.ಪೂ. 228ರಲ್ಲಿ ಚಿನ್ ಸೇನೆಯ ಪಾಲಾಯಿತು, ಕ್ರಿ.ಪೂ. 222ರಲ್ಲಿ ಯಾನ್ ಮುಗಿಯಿತು. ಈಗ ಹೆಬೇಯ್ ಪ್ರಾಂತದಲ್ಲಿರುವ ಹಾನ್‌ದಾನ್ ನಗರ ತನ್ನನ್ನು ನುಡಿಗಟ್ಟುಗಳ ತವರೆಂದು ಹೆಮ್ಮೆಯಿಂದ ಕರೆದುಕೊಳ್ಳುತ್ತದೆ.

‘ಝಾನ್‌ಗುವೊ ತ್ಸೆ’ಯಲ್ಲಿ ನನ್ನನ್ನು ಹೆಚ್ಚು ಕಾಡುವ ಕಥೆ ಕುರಿಯದು. ‘ಕುರಿ ಹೋದ ಮೇಲೆ ದೊಡ್ಡಿ ದುರಸ್ತಿ ಮಾಡು’. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ನಮ್ಮ ಗಾದೆ ಬಲ್ಲವರಿಗೆ ಇದೂ ಮೂದಲಿಕೆ ಎಂದೇ ತೋರುತ್ತದೆ. ಅಲ್ಲ. ಚೀನೀಯರಲ್ಲಿ ಇದು ಸಮಾಧಾನದ ಮಾತು: ಈಗ ದುರಸ್ತಿ ಮಾಡಿದರೂ ತಡವಾಗಿಲ್ಲ. ಇದನ್ನು ಹೇಳಿದವನು ಝುವಾಂಗ್ ಶಿನ್, ಕೇಳಿದವನು ಚೂ ಅರಸ ಚಿಂಗ್‌ಶಿಯಾಂಗ್. ಮೆಚ್ಚಿನವರ ಜೊತೆ ವಿಲಾಸದಲ್ಲಿ ಮುಳುಗಿದ್ದ ಅರಸನಿಗೆ ಝುವಾಂಗ್ ಶಿನ್ ಮೊದಲೇ ಎಚ್ಚರ ಹೇಳಿದ್ದ. ನಿನಗೆ ಅರಳುಮರಳೇ ಎಂದು ಅರಸ ಗದರಿಸಿದ. ಝುವಾಂಗ್ ಶಿನ್ ಬೇರೆ ರಾಜ್ಯಕ್ಕೆ ಹೊರಟುಹೋದ. ಕೆಲವೇ ತಿಂಗಳಲ್ಲಿ ಚಿನ್ ಸೇನೆ ನುಗ್ಗಿತು, ಕ್ರಿ.ಪೂ. 278ರಲ್ಲಿ ರಾಜಧಾನಿ ಯಿಂಗ್ ಬಿತ್ತು. ಓಡಿಹೋಗಿ ಬೇರೆಡೆ ನೆಲೆಸಿದ್ದ ಅರಸ ಝುವಾಂಗ್ ಶಿನ್‌ನನ್ನು ಮತ್ತೆ ಕರೆಸಿ, ಈಗೇನು ಮಾಡಲಿ ಎಂದ.

ನಾನು ಹೇಳಿರಲಿಲ್ಲವೇ ಎಂಬ ಒಂದು ಮಾತೂ ಝುವಾಂಗ್ ಶಿನ್ ಬಾಯಿಂದ ಬರಲಿಲ್ಲ. ಮೊಲ ಕಂಡ ಮೇಲೆ ನಾಯಿಯನ್ನು ಕರೆದರೂ ತಡವಲ್ಲ, ಕುರಿ ಹೋದ ಮೇಲೆ ದೊಡ್ಡಿ ಕಟ್ಟಿದರೂ ತಡವಲ್ಲ ಎಂದು ಶುರು ಮಾಡಿದ. ನುಡಿಗಟ್ಟು ಅಲ್ಲಿಗೇ ನಿಲ್ಲುತ್ತದೆ. ಅವನ ಮಾತು ಅಲ್ಲಿಂದಲೇ ಏರುತ್ತದೆ. ಏರೋಪ್ಲೇನ್ ಚಿಟ್ಟೆಯನ್ನು ನೋಡಿ, ಎಂದ. ನೊಣ ಸೊಳ್ಳೆ ತಿಂದು, ಇಬ್ಬನಿ ಕುಡಿದು, ಯಾರ ಗೊಡವೆಯೂ ಇಲ್ಲವೆಂದು ಹಾರುತ್ತಿರುತ್ತದೆ. ಕೆಳಗೊಬ್ಬ ಹುಡುಗ ದಾರಕ್ಕೆ ಸಿಹಿ ಅಂಟು ಬಳಿಯುತ್ತಿರುವುದು ಅದಕ್ಕೆ ತಿಳಿಯದು. ಅದು ಚಿಕ್ಕ ಮಾತು, ಗುಬ್ಬಿಯ ಗಾತ್ರದ ಹಕ್ಕಿಯನ್ನು ನೋಡಿ. ಕಾಳು ಹೆಕ್ಕಿ ಮರದಲ್ಲಿ ಕುಳಿತ ಅದರ ಮೇಲೆ ಶ್ರೀಮಂತರ ಮಗನೊಬ್ಬ ಕವಣೆ ಗುರಿಯಿಟ್ಟಿದ್ದಾನೆ; ಹಗಲು ಕೊಂಬೆಯಲ್ಲಿದ್ದದ್ದು ಸಂಜೆಗೆ ಉಪ್ಪುಹುಳಿಯಲ್ಲಿ ಬೆಂದಿರುತ್ತದೆ. ಅದೂ ಚಿಕ್ಕದು, ಹಂಸವನ್ನು ನೋಡಿ. ಅದೂ ಚಿಕ್ಕದು, ತ್ಸಾಯ್ ರಾಜ್ಯದ ಒಡೆಯನನ್ನು ನೋಡಿ. ಅದೂ ಚಿಕ್ಕದು, ಪ್ರಭು, ತಮ್ಮನ್ನೇ ನೋಡಿಕೊಳ್ಳಿ. ಮೆಟ್ಟಿಲು ಮೆಟ್ಟಿಲಾಗಿ ಪ್ರಾಣಿಗಳು ದೊಡ್ಡದಾಗುತ್ತ ಹೋಗಿ ಕೊನೆಯ ಮೆಟ್ಟಿಲಲ್ಲಿ ಅರಸನೇ ನಿಂತಿದ್ದಾನೆ. ಅವನ ಮುಖ ಬಣ್ಣಗೆಟ್ಟಿತು, ಮೈ ನಡುಗಿತು ಎಂದು ಪುಸ್ತಕ ಹೇಳುತ್ತದೆ. ಝುವಾಂಗ್ ಶಿನ್‌ಗೆ ಬಿರುದು, ಜಹಗೀರು ಸಿಕ್ಕವು. ಮಾತಿನಿಂದ ಒಬ್ಬ ಮನುಷ್ಯನನ್ನು ಹೀಗೆ ಹಂತಹಂತವಾಗಿ ಎಬ್ಬಿಸಿದ ಇನ್ನೊಂದು ಉದಾಹರಣೆ ಸುಲಭಕ್ಕೆ ಸಿಗದು.

ಎಲ್ಲರಿಗೂ ಹೀಗೆ ಬಾಯಿ ಓಡುತ್ತಿರಲಿಲ್ಲ. ಹಾನ್ ರಾಜ್ಯದ ರಾಜಮನೆತನದಲ್ಲಿ ಹುಟ್ಟಿದ ಹಾನ್ ಫೇಯ್‌ಗೆ ಉಗ್ಗು. ಹಾಗಾಗಿ ಅವನು ಬರೆದ. ‘ಐದು ಹುಳುಗಳು’ ಎಂಬ ಅವನ ಅಧ್ಯಾಯದಲ್ಲಿ ಮೊಲದ ಕಥೆ ಬರುತ್ತದೆ. ಸೊಂಗ್ ರಾಜ್ಯದ ರೈತನ ಹೊಲದಲ್ಲಿ ಒಂದು ಮರದ ಮೋಟು. ಓಡಿ ಬಂದ ಮೊಲ ಅದಕ್ಕೆ ಬಡಿದು ಕತ್ತು ಮುರಿದು ಸತ್ತಿತು. ರೈತ ನೇಗಿಲು ಬಿಟ್ಟು, ಇನ್ನೊಂದು ಮೊಲ ಬಂದೀತೆಂದು ಮೋಟಿನ ಪಕ್ಕ ಕಾದು ಕುಳಿತ. ಮೊಲ ಬರಲಿಲ್ಲ, ಊರವರು ನಕ್ಕರು.

‘ಮೋಟು ಕಾಯುತ್ತ ಮೊಲಕ್ಕಾಗಿ ಕೂರು’ ಎಂದರೆ ಇವತ್ತು ದುಡಿಯದೆ ಲಾಭ ಬಯಸುವ ಸೋಮಾರಿ. ಹಾನ್ ಫೇಯ್‌ಗೆ ಸೋಮಾರಿಗಳ ಚಿಂತೆ ಇರಲಿಲ್ಲ. ಪುರಾತನ ಅರಸರು ಆಳಿದ ಹಾಗೆಯೇ ಈಗಲೂ ಆಳಬೇಕೆಂದು ಬೋಧಿಸುವ ಪಂಡಿತರನ್ನೂ, ಅವರ ಮಾತು ಕೇಳುವ ದೊರೆಗಳನ್ನೂ ಅವನು ಆ ಮೋಟಿನ ಪಕ್ಕ ಕೂರಿಸಿದ. ಅಂದು ಜನ ಕಡಿಮೆ, ನೆಲ ಹೆಚ್ಚು. ಇಂದು ಜನ ಹೆಚ್ಚು, ನೆಲ ಕಡಿಮೆ. ಅಂದಿನ ನೀತಿ ಇಂದು ಹೇಗೆ ನಡೆದೀತು ಎಂಬುದು ಅವನ ವಾದ. ಕಥೆಯ ರೈತ ಉಳುತ್ತಿದ್ದವನೇ. ಒಮ್ಮೆ ಆದದ್ದು ಯಾವಾಗಲೂ ಆಗುತ್ತದೆ ಎಂಬ ನಂಬಿಕೆ ಅವನನ್ನು ಕೂರಿಸಿತು. ಆ ಬರಹ ಓದಿದ ಚಿನ್ ಅರಸ, ಮುಂದೆ ಮೊದಲ ಚಕ್ರವರ್ತಿಯಾದವನು, ಇದನ್ನು ಬರೆದವನ ಜೊತೆ ಒಮ್ಮೆ ಮಾತಾಡಬೇಕೆಂದು ಹಂಬಲಿಸಿದ ಎಂದು ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದಾನೆ. ಹಾನ್ ಫೇಯ್ ರಾಯಭಾರಿಯಾಗಿ ಚಿನ್‌ಗೆ ಹೋದ. ಅಲ್ಲಿ ಒಮ್ಮೆ ಅವನ ಸಹಪಾಠಿಯಾಗಿದ್ದ ಲೀ ಸ್ಸ ಎಂಬ ಮಂತ್ರಿಯ ಚಿತಾವಣೆಯಿಂದ ಸೆರೆಯಾಗಿ, ಕ್ರಿ.ಪೂ. 233ರಲ್ಲಿ ವಿಷ ಕುಡಿದು ಸತ್ತ. ಅರಸನಿಗೆ ಆಮೇಲೆ ಪಶ್ಚಾತ್ತಾಪವಾಯಿತಂತೆ.

ಅದೇ ಚಿನ್ ವಂಶ ಕುಸಿಯುವ ಹೊತ್ತಿಗೆ ಕಥೆಯ ಪ್ರಾಣಿಯ ಬದಲು ನಿಜವಾದ ಪ್ರಾಣಿಯೇ ಆಸ್ಥಾನಕ್ಕೆ ಬಂತು. ಕ್ರಿ.ಪೂ. 207ರಲ್ಲಿ ಮಂತ್ರಿ ಝಾವೊ ಗಾವೊ ಎರಡನೆಯ ಚಕ್ರವರ್ತಿಗೆ ಒಂದು ಜಿಂಕೆಯನ್ನು ಕಾಣಿಕೆ ಕೊಟ್ಟು, ಇದು ಕುದುರೆ ಎಂದ. ಚಕ್ರವರ್ತಿ ನಕ್ಕು ಸುತ್ತಲಿನವರನ್ನು ಕೇಳಿದ. ಕೆಲವರು ಸುಮ್ಮನಿದ್ದರು, ಕೆಲವರು ಕುದುರೆ ಎಂದರು, ಕೆಲವರು ಜಿಂಕೆ ಎಂದರು. ಜಿಂಕೆ ಎಂದವರನ್ನು ಝಾವೊ ಗಾವೊ ಗುರುತಿಟ್ಟುಕೊಂಡು ಆಮೇಲೆ ಕಾನೂನಿನ ನೆಪದಲ್ಲಿ ಮುಗಿಸಿದ. ‘ಜಿಂಕೆ ತೋರಿಸಿ ಕುದುರೆ ಎನ್ನು’ ಎಂಬ ಈ ನುಡಿಗಟ್ಟು ಅಂದಿನ ಹರಿತವನ್ನು ಇಂದಿಗೂ ಕಳೆದುಕೊಂಡಿಲ್ಲ. ಆ ವರ್ಷವೇ ಚಕ್ರವರ್ತಿ ಆತ್ಮಹತ್ಯೆಗೆ ದೂಡಲ್ಪಟ್ಟ, ಝಾವೊ ಗಾವೊ ಕೊಲೆಯಾದ.

ಗಡಿಯ ಮುದುಕನ ಕುದುರೆ ಓಡಿಹೋದ ಕಥೆ ಹೊರನಾಡುಗಳಲ್ಲೂ ಪ್ರಸಿದ್ಧ. ಕುದುರೆ ಹೋದಾಗ ಇದು ಒಳಿತಾಗಬಹುದು ಎಂದ, ಅದು ಇನ್ನೊಂದು ಒಳ್ಳೆಯ ಕುದುರೆಯನ್ನು ಕರೆತಂದಾಗ ಇದು ಕೆಡುಕಾಗಬಹುದು ಎಂದ. ಮಗ ಅದರ ಮೇಲಿಂದ ಬಿದ್ದು ತೊಡೆ ಮುರಿದುಕೊಂಡ. ಕುಂಟನಾದ್ದರಿಂದಲೇ ಗಡಿಯ ಯುದ್ಧದಲ್ಲಿ ಬದುಕುಳಿದ. ಇದಿರುವ ‘ಹುವಾಯ್‌ನಾನ್‌ಝಿ’ ಗ್ರಂಥವನ್ನು ರಾಜಕುಮಾರ ಲಿಯು ಆನ್ ಕ್ರಿ.ಪೂ. 139ರಲ್ಲಿ ಚಕ್ರವರ್ತಿ ವೂಗೆ ಒಪ್ಪಿಸಿದ. ಅದೇ ಲಿಯು ಆನ್ ಕ್ರಿ.ಪೂ. 122ರಲ್ಲಿ ರಾಜದ್ರೋಹದ ಆರೋಪ ಹೊತ್ತು ಪ್ರಾಣ ಕಳೆದುಕೊಂಡ.

ಆಸ್ಥಾನಕ್ಕೆ ಬೆನ್ನು ತಿರುಗಿಸಿದವನೂ ಒಬ್ಬನಿದ್ದ. ತತ್ವಜ್ಞಾನಿ ಝುವಾಂಗ್‌ಝಿ ಪು ನದಿಯಲ್ಲಿ ಮೀನು ಹಿಡಿಯುತ್ತಿದ್ದಾಗ ಚೂ ಅರಸನ ಇಬ್ಬರು ಅಧಿಕಾರಿಗಳು ಮಂತ್ರಿಪದವಿಯ ಕರೆ ತಂದರು. ಗಾಳ ಬಿಡದೆ, ತಿರುಗಿಯೂ ನೋಡದೆ ಅವನು ಕೇಳಿದ: ನಿಮ್ಮಲ್ಲಿ ಸತ್ತು ಮೂರು ಸಾವಿರ ವರ್ಷವಾದ ಪವಿತ್ರ ಆಮೆಯನ್ನು ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಪೂಜಿಸುತ್ತಾರಂತೆ. ಆ ಆಮೆಗೆ ಹಾಗೆ ಪೂಜೆಗೊಳ್ಳುವುದು ಇಷ್ಟವೋ, ಬದುಕಿ ಕೆಸರಲ್ಲಿ ಬಾಲ ಎಳೆದುಕೊಂಡಿರುವುದು ಇಷ್ಟವೋ? ಕೆಸರೇ ಇಷ್ಟವಾದೀತು ಎಂದರು ಅವರು. ಹಾಗಾದರೆ ಹೊರಡಿ ಎಂದ.

ಇಂಥವನ ಪ್ರಾಣಿಗಳು ಯಾರಿಗೂ ದೂತರಾಗುವುದಿಲ್ಲ. ಅವು ತಮ್ಮ ಕಣ್ಣಿನಿಂದ ನಮ್ಮನ್ನು ನೋಡುತ್ತವೆ. ಮನುಷ್ಯರು ಸುಂದರಿಯರೆಂದು ಹೊಗಳುವ ಮಾವೊ ಚಿಯಾಂಗ್, ಲೀ ಜಿ ಎಂಬ ಹೆಂಗಸರನ್ನು ಕಂಡರೆ ಮೀನು ಆಳಕ್ಕೆ ಇಳಿಯುತ್ತದೆ, ಹಕ್ಕಿ ಎತ್ತರಕ್ಕೆ ಹಾರುತ್ತದೆ, ಜಿಂಕೆ ಓಡುತ್ತದೆ. ಮನುಷ್ಯ, ಮೀನು, ಹಕ್ಕಿ, ಜಿಂಕೆ, ಇವರಲ್ಲಿ ನಿಜವಾದ ಚೆಲುವು ಬಲ್ಲವರು ಯಾರು ಎಂದು ಅವನ ಪ್ರಶ್ನೆ. ಮುಂದಿನ ಕಾಲದವರು ಇದನ್ನೇ ತಲೆಕೆಳಗು ಮಾಡಿ, ಚೆಲುವೆಯನ್ನು ಕಂಡು ಮೀನು ಮುಳುಗಿತು, ಹಾರುವ ಹೆಬ್ಬಾತು ನೆಲಕ್ಕೆ ಬಿತ್ತು ಎಂಬ ಹೊಗಳಿಕೆಯಾಗಿಸಿದರು. ಚೆಲುವೆಂಬುದೇ ಮನುಷ್ಯರ ಕಟ್ಟು ಎಂದವನ ಮಾತು ಚೆಲುವೆಯರ ವರ್ಣನೆಗೆ ಒಡವೆಯಾಯಿತು. ಈ ತಿರುವು ನನಗೆ ನೋವು ತರುತ್ತದೆ.

ಬಾವಿಯ ಕಪ್ಪೆಯೂ ಅವನದೇ. ನಮ್ಮ ಕೂಪಮಂಡೂಕಕ್ಕೂ ಅದಕ್ಕೂ ನಂಟು ಹುಡುಕಬೇಕಿಲ್ಲ. ಬಾವಿ ತೋಡಿದ ಕಡೆಯೆಲ್ಲ ಕಪ್ಪೆ ಬಿದ್ದಿದೆ. ವಿವೇಕಾನಂದರು 1893ರ ಸೆಪ್ಟೆಂಬರ್‌ನಲ್ಲಿ ಶಿಕಾಗೊದಲ್ಲಿ ನಮ್ಮ ಕಪ್ಪೆಯ ಕಥೆಯನ್ನೇ ಹೇಳಿದ್ದರು. ಝುವಾಂಗ್‌ಝಿಯ ಕಪ್ಪೆಯ ಸೊಗಸು ಅದರ ಸಂತೋಷದಲ್ಲಿದೆ. ಬಾವಿಕಟ್ಟೆಯ ಮೇಲೆ ಕುಪ್ಪಳಿಸುತ್ತೇನೆ, ಒಡೆದ ಇಟ್ಟಿಗೆಯ ಸಂದಿನಲ್ಲಿ ಒರಗುತ್ತೇನೆ, ನೀರಿಗಿಳಿದರೆ ಕಂಕುಳವರೆಗೆ ತೇಲಿಸುತ್ತದೆ, ಒಳಗೆ ಬಾ ಎಂದು ಕಡಲಾಮೆಯನ್ನು ಕರೆಯುತ್ತದೆ. ಆಮೆ ಎಡಗಾಲು ಇಡುವ ಮೊದಲೇ ಬಲಮೊಣಕಾಲು ಸಿಕ್ಕಿಕೊಂಡಿತು. ಹಿಂದೆ ಸರಿದು ಅದು ಕಡಲಿನ ಸುದ್ದಿ ಹೇಳಿತು: ಹತ್ತು ವರ್ಷದಲ್ಲಿ ಒಂಬತ್ತು ವರ್ಷ ನೆರೆ ಬಂದರೂ ಅದು ಹೆಚ್ಚಲಿಲ್ಲ, ಎಂಟರಲ್ಲಿ ಏಳು ವರ್ಷ ಬರ ಬಂದರೂ ಇಳಿಯಲಿಲ್ಲ.

ಸಾವಿರ ವರ್ಷಗಳ ಮೇಲೆ, ತಾಂಗ್ ವಂಶದ ಕಾಲದಲ್ಲಿ, ರಾಜಕೀಯದಲ್ಲಿ ಸೋತು 805ರಲ್ಲಿ ದೂರದ ದಕ್ಷಿಣಕ್ಕೆ ಗಡೀಪಾರಾದ ಲಿಯು ಝೊಂಗ್‌ಯುವಾನ್ ಒಂದು ಕತ್ತೆಯ ಕಥೆ ಬರೆದ. ಕತ್ತೆಗಳೇ ಇಲ್ಲದ ಗುಯಿಝೋ ನಾಡಿಗೆ ಯಾರೋ ಒಂದನ್ನು ದೋಣಿಯಲ್ಲಿ ತಂದು ಬಿಟ್ಟರು. ಅದರ ಗಾತ್ರಕ್ಕೆ, ಅರಚಾಟಕ್ಕೆ ಹುಲಿ ಹೆದರಿತ್ತು. ಕೆಣಕಿದಾಗ ಕತ್ತೆ ಒದೆಯಿತು. ಇಷ್ಟೇಯೋ ಎಂದು ಹುಲಿ ಅದನ್ನು ತಿಂದಿತು. ಬಂಡವಾಳ ಮುಗಿದವರನ್ನು ಇಂದಿಗೂ ಗುಯಿಝೋ ಕತ್ತೆ ಎನ್ನುತ್ತಾರೆ.

ನಮ್ಮ ನೆಲದಿಂದ ಅಲ್ಲಿಗೆ ನಡೆದು ಹೋದ ಪ್ರಾಣಿ ಆನೆ. ‘ಕುರುಡರು ಆನೆ ಮುಟ್ಟಿದರು’ ಎಂಬ ಚೀನೀ ನುಡಿಗಟ್ಟು ಬೌದ್ಧ ಸೂತ್ರಗಳ ಅನುವಾದದ ಜೊತೆ ಹೋದದ್ದು. ಭಾರತದಿಂದ ಹೋದ ಧರ್ಮಕ್ಷೇಮ ಐದನೆಯ ಶತಮಾನದಲ್ಲಿ ಚೀನೀ ಭಾಷೆಗೆ ತಂದ ಮಹಾಪರಿನಿರ್ವಾಣ ಸೂತ್ರದಲ್ಲಿ ದಂತ ಮೂಲಂಗಿಯಾಗಿದೆ, ಕಿವಿ ಮೊರ, ಸೊಂಡಿಲು ಒನಕೆ, ಕಾಲು ಒರಳು, ಹೊಟ್ಟೆ ಗುಡಾಣ, ಬಾಲ ಹಗ್ಗ. ಅಂಧಗಜ ನ್ಯಾಯ ಕೇಳಿ ಬೆಳೆದ ನಮಗೆ ಅಡುಗೆಮನೆಯ ಈ ಪಾತ್ರೆಪಡಗ ಚೆನ್ನಾಗಿಯೇ ಗೊತ್ತು.

ಬೌದ್ಧಧರ್ಮದ ಜೊತೆಗೇ ಬೆಸೆದುಕೊಂಡ ಇನ್ನೊಂದು ನುಡಿಗಟ್ಟು ‘ದನದ ಮುಂದೆ ತಂತಿವಾದ್ಯ ನುಡಿಸು’. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ನಾವು ಹೇಳುವುದನ್ನೇ ಅವರೂ ಹೇಳುತ್ತಾರೆ, ಅದೇ ತಾತ್ಸಾರದಲ್ಲಿ: ಕೇಳುವವನು ಮಂದಮತಿ. ಇದರ ಕಥೆ ಇರುವುದು ‘ಮೌ ಝಿ’ ಎಂಬ ಸಂವಾದಗ್ರಂಥದಲ್ಲಿ. ಭಿಕ್ಷು ಸೆಂಗ್‌ಯೋ ಆರನೆಯ ಶತಮಾನದ ಆರಂಭದಲ್ಲಿ ಕೂಡಿಸಿದ ಸಂಗ್ರಹದಲ್ಲಿ ಅದು ಉಳಿದುಕೊಂಡಿದೆ. ಕನ್‌ಫ್ಯೂಷಿಯಸ್ಸನ ಓದಿನವನೊಬ್ಬ, ಅದರಲ್ಲಿ ಬುದ್ಧನ ಪರ ವಾದಿಸುವ ಮೌ ಝಿಯನ್ನು ಪಟ್ಟು ಹಿಡಿದು ಕೇಳುತ್ತಾನೆ: ಬುದ್ಧನ ಸೂತ್ರಗಳು ಕಡಲಿನಷ್ಟು ವಿಶಾಲ ಎನ್ನುತ್ತೀಯೆ, ಆದರೆ ನನಗೆ ಉತ್ತರ ಕೊಡುವಾಗ ಅವುಗಳಿಂದ ಒಂದು ಮಾತೂ ತೆಗೆಯದೆ ನಮ್ಮ ಗ್ರಂಥಗಳನ್ನೇ ಏಕೆ ಉದಾಹರಿಸುತ್ತೀಯೆ?

ಮೌ ಝಿ ಗೊಂಗ್‌ಮಿಂಗ್ ಯಿ ಎಂಬ ವಾದಕನ ಕಥೆ ಹೇಳುತ್ತಾನೆ. ಅವನು ದನದ ಮುಂದೆ ಘನವಾದ ಒಂದು ರಾಗ ನುಡಿಸಿದ. ದನ ತಲೆಯೆತ್ತದೆ ಮೇಯುತ್ತಿತ್ತು. ಅದಕ್ಕೆ ಕಿವಿ ಇರಲಿಲ್ಲವೆಂದಲ್ಲ, ಆ ಸ್ವರ ಅದರ ಕಿವಿಗೆ ಹೊಂದಲಿಲ್ಲ. ವಾದಕ ರಾಗ ಬದಲಿಸಿದ. ತಂತಿಯಲ್ಲಿ ಸೊಳ್ಳೆ ನೊಣಗಳ ಗುಂಯ್‌ಗುಟ್ಟುವಿಕೆ ತಂದ, ತಾಯಿಂದ ಅಗಲಿದ ಕರುವಿನ ಕೂಗು ತಂದ. ದನ ಬಾಲ ಆಡಿಸಿತು, ಕಿವಿ ನಿಮಿರಿಸಿತು, ಹೆಜ್ಜೆ ಹಾಕುತ್ತ ಕೇಳತೊಡಗಿತು. ನುಡಿಗಟ್ಟು ಉಳಿಸಿಕೊಂಡದ್ದು ಕಥೆಯ ಮೊದಲ ಅರ್ಧವನ್ನು ಮಾತ್ರ. ನಿನಗೆ ಗೊತ್ತಿರುವುದು ನಿನ್ನ ಗ್ರಂಥಗಳು, ಆದ್ದರಿಂದ ನಾನು ಅವುಗಳಲ್ಲೇ ಮಾತಾಡುತ್ತೇನೆ ಎಂಬುದು ಮೌ ಝಿಯ ಉತ್ತರವಾಗಿತ್ತು. ಪ್ರಶ್ನೆ ಕೇಳಿದವನು ಅಲ್ಲಿಗೇ ಬಿಡಲಿಲ್ಲ, ಪುಟಗಟ್ಟಲೆ ವಾದಿಸಿದ. ಗ್ರಂಥದ ಕೊನೆಯಲ್ಲಿ ಅವನು ಎದ್ದು ನಮಸ್ಕರಿಸಿ, ಪಂಚಶೀಲ ಸ್ವೀಕರಿಸಿ ಉಪಾಸಕನಾಗಲು ಅಪ್ಪಣೆ ಕೇಳುತ್ತಾನೆ.